ಗೋಡೆಯ ಮೇಲಿನ ಅಪ್ಪ, ಅವ್ವ

ಫೋಟೋಕ್ಕೆ ಹಾರ ಹಾಕಿದ್ದೇ ತಪ್ಪಾಯಿತು. ಉಮಾಬಾಯಿಗೆ ಅದು ತಿಳಿದದ್ದು ಇಟಲಿಯ ಗಂಡ ಹೆಂಡತಿ ನಿಲಂಗಾದ ಅವಳ ಮನೆಯ ಹೊಸ್ತಿಲು ದಾಟಿದ ಮೇಲೆ. ನಾಲ್ಕು ವರ್ಷದ ಸುಗಂಧಾ ಅವರ ಮುಖ ನೋಡಿದ್ದೇ ತಡ, ಕಿಟಾರನೆ ಕಿರುಚಿ ಜೋಳದ ಚೀಲಗಳ ಸಂದಿ ಹೊಕ್ಕಳು.

ಸುಗಂಧಾಳನ್ನು ಹೆತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆಶ್ರಮದವರು ಸಾಕಲೆಂದು ಉಮಾಬಾಯಿಯ ಉಡಿಯಲ್ಲಿ ಹಾಕಿದ್ದರು. ನನಗೇ ದತ್ತು ಕೊಡಿ ಎಂದರೆ ಕಾನೂನು ಒಪ್ಪಲಿಲ್ಲ. ವಯಸ್ಸಾದವಳು, ಅದರ ಮೇಲೆ ಹೃದಯದ ಬೇನೆ. ಉಮರ್ಗಾ, ಉದಗೀರ ಕಡೆಯಿಂದ ದತ್ತು ಕೇಳಿ ಬಂದವರೆಲ್ಲ ಹುಡುಗಿಯ ಸೊಟ್ಟ ಕಾಲು ನೋಡಿ, ಚಹಾ ಕುಡಿದು ಎದ್ದು ಹೋದರು. ಚಹಾ ಮಾತ್ರ ಯಾರೂ ಬಿಡಲಿಲ್ಲ. ಕಾಲು ನೋಡಿಯೂ ಬೇಕೆಂದವರು ಈ ಇಬ್ಬರೇ. ಇವರೂ ಹಿಂದಿರುಗಿದರೆ ಕೂಸು ಮತ್ತೆ ಆಶ್ರಮಕ್ಕೆ ಹೋಗಬೇಕು.

"ದಿನಾ ಅವರ ಫೋಟೋ ತೋರಸ್ರಿ, ಮುಖದ ರೂಢಿ ಆಗಲಿ" ಎಂದು ಆಶ್ರಮದ ಅನುರಾಧಾ ಮೊದಲೇ ಫೋಟೋ ಕೊಟ್ಟು ಹೇಳಿದ್ದಳು. ಉಮಾಬಾಯಿ ಅದಕ್ಕೆ ಕಟ್ಟು ಹಾಕಿಸಿ, ತೀರಿಹೋದ ಗಂಡ ವೈಜನಾಥನ ಹಾರ ಹಾಕಿದ ಫೋಟೋದ ಪಕ್ಕ ತೂಗುಹಾಕಿದಳು. ದೇವರಂತೆ ಬರುವವರು ಎಂದು, ಮುಂಜಾನೆ ಲಿಂಗಪೂಜೆ ಮುಗಿದ ಮೇಲೆ ಅವರಿಗೂ ವಿಭೂತಿ ಹಚ್ಚಿ, ಹಾರ ಹಾಕಿ, ಸುಗಂಧಾಳಿಂದ ಕೈ ಮುಗಿಸಿದಳು.

ಈಗ ಚೀಲಗಳ ಸಂದಿಯಿಂದ ಬಿಕ್ಕು ಕೇಳಿತು. "ಆಯಿ, ಅವರು ಸತ್ತಾರ! ಮುತ್ಯಾನ ಬಾಜೂಕ ಅದಾರ. ನನ್ನ ಶಿವನ ಕಡಿ ಒಯ್ಯಲಾಕ ಬಂದಾರ."

ಅವರನ್ನು ಕರೆತಂದಿದ್ದ ಅನುರಾಧಾ ಮೆಲ್ಲಗೆ, "ಹಿಂಗಾದ್ರ ಕೂಸು ಅವರ ಸಂಗಾಟ ಹೆಂಗ ಹೋಗ್ತದ್ರೀ?" ಎಂದಳು.

ಸುಮ್ಮನಿದ್ದುಬಿಡಲೇ ಎನ್ನಿಸಿತು ಉಮಾಬಾಯಿಗೆ. ಅಂಜಿದ ಕೂಸು ಇನ್ನಷ್ಟು ದಿನವಾದರೂ ತನ್ನಲ್ಲೇ ಉಳಿದೀತು. ಆ ಆಸೆ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಾನು ಕಣ್ಣು ಮುಚ್ಚಿದ ದಿನ ಈ ಕಾಲೆಳೆಯುವ ಹುಡುಗಿ ಯಾರ ಬಾಗಿಲಿಗೆ ಹೋಗಬೇಕು?

ಎದ್ದು ಅವರ ಫೋಟೋದ ಹಾರ ಕಿತ್ತೆಸೆದಳು. ರೊಟ್ಟಿಗೆ ಹಸಿಮೆಣಸು ಕುಟ್ಟಿದ ಠೇಚಾ ಬಳಿದು ಆ ಇಟಲಿಯ ಹೆಂಗಸಿನ ಬಾಯಿಗೇ ತುರುಕಿದಳು. ಪಾಪ, ಆಕೆ ಪ್ರಸಾದವೆಂದು ನುಂಗಿದಳು. ಮರುಕ್ಷಣ ಮುಖ ಕೆಂಪಾಗಿ, ಕಣ್ಣು ಮೂಗು ಸೋರಿ, ಕೆಮ್ಮಿ ಕೆಮ್ಮಿ ಗೋಡೆ ಹಿಡಿದಳು.

"ನೋಡವ್ವ! ಸತ್ತವರಿಗಿ ಖಾರ ಹತ್ತತದೇನು? ಸತ್ತವರು ಕೆಮ್ಮತಾರೇನು?"

ಸುಗಂಧಾ ಕಾಲೆಳೆಯುತ್ತ ಹೊರಬಂದಳು. ಬಹಳ ಹೊತ್ತು ಆಕೆಯ ಸೋರುವ ಮೂಗನ್ನೇ ನೋಡಿದಳು. ಆಮೇಲೆ ತಾನೇ ಹೋಗಿ ನೀರು ತಂದುಕೊಟ್ಟಳು.

ಸಂಜೆ ಕಾರಿನ ಬಳಿ ಅನುರಾಧಾ ಮೊಬೈಲಿನಲ್ಲಿ ಉಮಾಬಾಯಿಯ ಫೋಟೋ ತೆಗೆದಳು. "ಅಲ್ಲಿ ಈಕಿ ಖೋಲಿಯೊಳಗ ಗೋಡಿಗಿ ಹಾಕ್ತಾರಂತ್ರೀ."

ಕಾರಿನಲ್ಲಿ ಕೂತಿದ್ದ ಸುಗಂಧಾ ಕಿಟಕಿಯಿಂದ ಮುಖ ಹೊರಹಾಕಿದಳು. "ಆಯಿ, ನೀನೂ ಫೋಟೋದಾಗ ಹೋಗ್ತಿ?"

"ಇಲ್ಲವ್ವ. ನಾ ಇಲ್ಲೇ ಇರ್ತೀನಿ."

ಕಾರು ಹೊರಡುವ ಮೊದಲು ಉಮಾಬಾಯಿ ಅನುರಾಧಾಳ ಕೈ ಹಿಡಿದು ಆಚೆಗೆ ಎಳೆದುಕೊಂಡಳು. "ಅವರ ಭಾಷಾದಾಗ ಒಂದು ಮಾತು ಹೇಳ್ರೀ. ನಾ ಸತ್ತ ಸುದ್ದಿ ಮುಟ್ಟಿದ್ರೂ ನನ್ನ ಫೋಟೋಕ್ಕ ಹಾರ ಹಾಕಬ್ಯಾಡ್ರಿ ಅಂತ."