ಶನಿವಾರ ಬರಬೇಕಾದವರು

ನರ್ಸಕ್ಕ ಮತ್ತು ಡ್ರೈವರ್ ಭಾವ ಶನಿವಾರ ಬರುತ್ತೇವೆಂದು ಫೋನ್ ಮಾಡಿದ್ದೇ ತಡ, ಕಟಿಂಗ್ ಅಂಗಡಿಯವನಿಗೆ ತನ್ನ ಮನೆಯಲ್ಲೇ ಜಾಗ ಇಲ್ಲದಂತಾಯಿತು.

ಬಂಧು ಬಳಗವೇನಲ್ಲ. ಹನ್ನೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗಿದ್ದವರು, ಅಷ್ಟೆ. ಆದರೆ ಈ ಕಡೆ ಯಾರಾದರೂ ಕೆಮ್ಮಿದರೆ ಆ ಕಡೆಯಿಂದ ಮಾತ್ರೆ ಬರುತ್ತಿತ್ತು. ಈಗ ಹಾಸ್ಟೆಲಿನಲ್ಲಿರುವ ಇವನ ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳೂ ನರ್ಸಕ್ಕನೇ. ಅವಳಿಗೆ ವರ್ಗವಾಗಿ ಒಂಬತ್ತು ವರ್ಷ. ನಡುವೆ ಎರಡು ದಿನದ ರೈಲು ದಾರಿ.

ಬುಧವಾರವೇ ಹೆಂಡತಿ ಮಂಚಕ್ಕೆ ಹೊಸ ಹೊದಿಕೆ ಹಾಸಿದಳು.

"ಅದರ ಮೇಲೆ ಕೂತೀರಾ, ಜೋಕೆ!"

"ಮತ್ತೆ ನಾನೆಲ್ಲಿ ಮಲಗಲೇ?"

"ಅಂಗಡಿ ಕುರ್ಚಿ ಹಿಂದಕ್ಕೆ ಬಾಗುತ್ತಲ್ಲ?"

ಅಂಗಡಿಯಲ್ಲೂ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಗುರುವಾರ ಹೆಡ್‌ಮಾಸ್ಟರರ ಮೀಸೆ ಟ್ರಿಮ್ ಮಾಡುತ್ತ, ಭಾವ ಬಸ್ ತಿರುಗಿಸುತ್ತಿದ್ದ ಠೀವಿಯನ್ನು ಕತ್ತರಿ ಸಮೇತ ತೋರಿಸಲು ಹೋಗಿ ಒಂದು ಕಡೆಯ ಮೀಸೆಯನ್ನೇ ಹಾರಿಸಿಬಿಟ್ಟ.

ಹೆಡ್‌ಮಾಸ್ಟರು ಕನ್ನಡಿ ನೋಡಿ ನಿಟ್ಟುಸಿರು ಬಿಟ್ಟರು. "ಇನ್ನೊಂದನ್ನೂ ತೆಗಿ, ಮಾರಾಯ. ನಿನ್ನ ನೆಂಟರು ಬರೋ ತನಕ ನನ್ನ ಕಿವಿ ಆದ್ರೂ ಉಳಿಸು."

ಶುಕ್ರವಾರ ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. "ಅಕ್ಕ ನನಗಿಂತ ಆರು ವರ್ಷ ದೊಡ್ಡೋಳು. ನಾನೇ ಮುದುಕಿ ಥರ ಕಂಡರೆ ಮಾನ ಉಳಿಯುತ್ತಾ? ಬಣ್ಣ ಹಚ್ಚಿ."

ಅರ್ಧ ತಲೆ ಮುಗಿದಿತ್ತು. ಬಾಗಿಲ ಬೆಲ್ ಆಯಿತು. ಗ್ಯಾಸಿನವನಿರಬೇಕೆಂದು ಅವನು ಬ್ರಶ್ ಹಿಡಿದೇ ಹೋಗಿ ಬಾಗಿಲು ತೆಗೆದ.

ಎರಡು ಚೀಲಗಳ ನಡುವೆ, ತಲೆಗೆ ಸ್ಕಾರ್ಫ್ ಸುತ್ತಿಕೊಂಡ ನರ್ಸಕ್ಕ. ಹಿಂದೆ, ಮೊದಲಿಗಿಂತ ಒಂದೂವರೆ ಪಟ್ಟಾದ ಭಾವ.

"ಮನೇಲಿ ಕೂತು ಕೂತು ಸಾಕಾಯ್ತು ಕಣೋ ತಮ್ಮ," ಎಂದಳು ನರ್ಸಕ್ಕ. "ತಡೆಯೋಕಾಗದೆ ಒಂದು ದಿನ ಮೊದಲೇ ರೈಲು ಹತ್ತಿಬಿಟ್ವಿ."

ಒಳಗೆ ಸ್ಟೂಲ್ ಉರುಳಿದ ಸದ್ದು. ಮರುಕ್ಷಣವೇ ಬಚ್ಚಲಮನೆಯ ಚಿಲಕ ಬಿತ್ತು.

ಭಾವ ಯಾರನ್ನೂ ಕೇಳದೆ ನೆಟ್ಟಗೆ ಹೋಗಿ ಹೊಸ ಹೊದಿಕೆಯ ಮೇಲೆ ದೊಪ್ಪನೆ ಬಿದ್ದು ಗೊರಕೆ ಶುರುಮಾಡಿದ. ಎರಡು ರಾತ್ರಿ ಕುರ್ಚಿಯಲ್ಲಿ ಮಲಗಿ ಸೊಂಟ ಹಿಡಿದಿದ್ದ ಕಟಿಂಗ್ ಅಂಗಡಿಯವನಿಗೆ ಹೊಟ್ಟೆ ಉರಿಯಿತು.

ನರ್ಸಕ್ಕ ಬಚ್ಚಲ ಬಾಗಿಲು ಬಡಿದಳು. "ಆಚೆ ಬಾರೇ!"

"ಬರಲ್ಲ! ನೀನು ನಾಳೆ ಬಾ!"

"ನಾಳೆ ತನಕ ಎಲ್ಲಿಗೆ ಹೋಗ್ಲೇ?"

"ಎಲ್ಲಿಗಾದ್ರೂ ಹೋಗು! ಒಂಬತ್ತು ವರ್ಷ ಹೋಗಿರಲಿಲ್ವಾ?" ಎನ್ನುವಷ್ಟರಲ್ಲಿ ಒಳಗಿನ ದನಿ ಒಡೆಯಿತು.

ನರ್ಸಕ್ಕ ಸ್ಟೂಲ್ ಎಳೆದುಕೊಂಡು ಬಾಗಿಲಿಗೆ ಒರಗಿ ಕೂತು, ಫೋನಿನಲ್ಲಿ ಹೇಳಲಾಗದ್ದನ್ನೆಲ್ಲ ಹೇಳತೊಡಗಿದಳು. ಕೊನೆಗಾಲದಲ್ಲಿ ಅತ್ತೆ ತನ್ನ ಕೈ ಬಿಡದೆ ಇದ್ದದ್ದು. ಆಸ್ಪತ್ರೆಯಿಂದ ನಿವೃತ್ತಿಯಾದ ಮರುದಿನವೂ ಮರೆತು ಯೂನಿಫಾರ್ಮ್ ಹಾಕಿಕೊಂಡು ಹೊರಟದ್ದು. ಒಳಗಿನಿಂದ "ಹೌದಾ?", "ಆಮೇಲೆ?" ಎಂಬ ದನಿ. ಸ್ವಲ್ಪ ಅಳು. ಆಮೇಲೆ ಇಬ್ಬರದೂ ನಗು.

"ತಲೆ ತೊಳ್ಕೊಳ್ಳೇ, ಚರ್ಮ ಉರಿಯುತ್ತೆ!" ಎಂದು ಅವನು ಕೂಗಿದ.

"ಸುಮ್ನಿರ್ರೀ!" ಒಳಗಿನಿಂದ.

"ಸುಮ್ನಿರೋ!" ಹೊರಗಿನಿಂದ.

ಕೊನೆಗೂ ನೀರಿನ ಸದ್ದಾಗಿ ಬಾಗಿಲು ತೆರೆಯಿತು. ತಲೆಯ ಎಡಭಾಗ ಇದ್ದಿಲು, ಬಲಭಾಗ ಬೂದಿ. ನರ್ಸಕ್ಕ ಬಾಚಿ ತಬ್ಬಿಕೊಂಡಳು. ಒದ್ದೆ ಕೂದಲಿನ ಕಪ್ಪು ಅವಳ ಭುಜಕ್ಕೆಲ್ಲ ಇಳಿಯಿತು.

"ಅಯ್ಯೋ ಅಕ್ಕ, ಹೊಸ ಬಟ್ಟೆ!"

"ಹಾಳಾಗ್ಲಿ ಬಿಡು." ನರ್ಸಕ್ಕ ತನ್ನ ತಲೆಗೆ ಸುತ್ತಿದ್ದ ಸ್ಕಾರ್ಫ್ ಬಿಚ್ಚಿದಳು. ಹತ್ತಿಯಂಥ ಬಿಳಿ ಕೂದಲು, ಒಂದೆಳೆ ಕಪ್ಪಿಲ್ಲ. "ತಮ್ಮಾ, ಬಟ್ಟಲಲ್ಲಿ ಬಣ್ಣ ಏನಾದ್ರೂ ಉಳಿದಿದೆಯೇನೋ?"

"ಅರ್ಧ ತಲೆಗಾಗುತ್ತೆ ಅಕ್ಕ. ಅದು ಇವಳದು."

"ಅವಳಿಗೇ ಹಚ್ಚಿ," ಎಂದಳು ಹೆಂಡತಿ. "ನಾನು ಯಾರ ಕಣ್ಣಿಗೆ ಚೆನ್ನಾಗಿ ಕಾಣಬೇಕಿತ್ತೋ ಅವರು ಆಗಲೇ ಬಂದು ನೋಡಿಯಾಯ್ತಲ್ಲ!"

"ಮುಂದುಗಡೆ ಮಾತ್ರ ಹಚ್ಚೋ," ಎಂದು ನರ್ಸಕ್ಕ ಸ್ಟೂಲಿನ ಮೇಲೆ ಸರಿಯಾಗಿ ಕೂತಳು. "ಹಿಂದೆ ಯಾರು ನೋಡ್ತಾರೆ?"

ಅವನು ಬ್ರಶ್ ಅದ್ದಿದ.