ನಾಯಿಗೆ ಹೇಳಿದ ಹೆಸರು

"ಅಪ್ಪಾ! ಎಲ್ಲಿದ್ದೀರಿ?"

ಕಲಿಪಾ ಗಂಟಲು ಹರಿಯುವಂತೆ ಕೂಗಿದಳು. ಮೋಡ ಕೂಗನ್ನು ನುಂಗಿಕೊಂಡಿತು. ಈಗಷ್ಟೇ ಮುಂದೆ ಕೋಲೂರಿಕೊಂಡು ಹತ್ತುತ್ತಿದ್ದ ಮಾವನ ಬಿಳಿ ಉಣ್ಣೆ ಟೋಪಿ ಕಣ್ಣೆದುರೇ ಕರಗಿಹೋಗಿತ್ತು. ಕೂಗಿಯಾದರೂ ಏನು ಬಂತು? ಮುದುಕನ ಕಿವಿ ಎಂದೋ ಮುಚ್ಚಿತ್ತು. ಬೆಟ್ಟದ ನೆತ್ತಿಯ ಆಚೆಗೆ ಬರೀ ಪ್ರಪಾತ, ಅದರ ತಳದಲ್ಲಿ ಹಿಮದ ನದಿ. ಎರಡು ಹೆಜ್ಜೆ ತಪ್ಪಿದರೆ ಮುಗಿಯಿತು.

ಬೆಳಿಗ್ಗೆಯೇ ಬೇಡವೆಂದಿದ್ದಳು. ಬೇಸಿಗೆಯ ಹುಲ್ಲುಗಾವಲಿಗೆ ಬಂದು ಡೇರೆ ಹಾಕಿದ ದಿನದಿಂದ ಮುದುಕನದು ಒಂದೇ ಹಟ, ನೆತ್ತಿಗೆ ಹತ್ತಬೇಕೆಂದು. ಗಂಡ ಕುರಿಗಳ ಹಿಂದೆ ಹೋಗಿದ್ದ. ಜೊತೆಗೆ ಹೋಗಲು ಉಳಿದವಳು ಇವಳೊಬ್ಬಳೇ.

"ನಿಮ್ಮ ಮೊಣಕಾಲು ಹಳೇ ಬಾಗಿಲಿನ ಥರ ಕಿರುಗುಟ್ತದೆ. ಬೆಟ್ಟ ಏನು ಓಡಿಹೋಗ್ತದಾ?" ಎಂದು ಅವನ ಕಿವಿಯೊಳಗೇ ಕಿರುಚಿದ್ದಳು.

"ಬೆಟ್ಟ ಎಲ್ಲಿಗೂ ಹೋಗಲ್ಲ ಕಣವ್ವ. ಹೋಗೋನು ನಾನು."

ಒಣಮೊಸರಿನ ಉಂಡೆಗಳನ್ನೂ ಕರಿದ ರೊಟ್ಟಿಯನ್ನೂ ಗಂಟು ಕಟ್ಟಿಕೊಂಡು ಹೊರಟಿದ್ದಳು. ಬೇಟೆನಾಯಿ ಸಿರ್ತಾನ್ ಯಾರೂ ಕರೆಯದಿದ್ದರೂ ಹಿಂದೆ ಬಂದಿತ್ತು.

ಈಗ ಅದು ಅವಳ ಕಾಲ ಬಳಿ ಕೂತು ಮುಖ ನೋಡುತ್ತಿತ್ತು. ಈ ನಾಯಿಗೆ ಒಂದು ಅಭ್ಯಾಸವಿತ್ತು. ಹೆಸರು ಹೇಳಿದರೆ ಸಾಕು, ಆ ಹೆಸರಿನವರು ಯಾವ ಇಳಿಜಾರಿನಲ್ಲಿದ್ದರೂ ಹುಡುಕಿ ಹೋಗಿ, ಅವರು ಎದ್ದು ಬರುವವರೆಗೆ ಬೊಗಳುತ್ತಿತ್ತು. ಕಲಿಪಾ "ತಿಲೆಕ್" ಎಂದರೆ ಅವಳ ಮಗನಲ್ಲಿಗೆ ಓಡುತ್ತಿತ್ತು. ಮಾವನನ್ನು ಕರೆಸುವಾಗ ಅವನ ಅಣ್ಣ ಅವನ ಹೆಸರು ಹೇಳಿ ಕಳಿಸುತ್ತಿದ್ದ. ಆ ಅಣ್ಣ ಹೋದ ಚಳಿಗಾಲ ಮಣ್ಣು ಸೇರಿದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳುವವರೇ ಉಳಿದಿರಲಿಲ್ಲ. ಸೊಸೆ ಎನ್ನಿಸಿಕೊಂಡವಳಂತೂ ಗಂಡನ ಕಡೆಯ ಹಿರಿಯರ ಹೆಸರೆತ್ತುವಂತೆಯೇ ಇಲ್ಲ. ಎತ್ತಿದವಳನ್ನು ಇಡೀ ಕಣಿವೆ ಆಡಿಕೊಳ್ಳುತ್ತದೆ. ಕಲಿಪಾ ಮದುವೆಯಾಗಿ ಬಂದಾಗಿನಿಂದ ಬಾಯಿತಪ್ಪಿಯೂ ಎತ್ತಿದವಳಲ್ಲ.

"ಅಪ್ಪನ ಹತ್ರ ಹೋಗೋ," ಎಂದಳು.

ನಾಯಿ ತಲೆ ಓರೆ ಮಾಡಿತು.

"ತಾತನ ಹತ್ರ! ಗಡ್ಡದವರ ಹತ್ರ! ದಿನಾ ನಿಂಗೆ ಮೂಳೆ ಹಾಕ್ತಾರಲ್ಲ, ಅವರ ಹತ್ರ ಹೋಗೋ ಕತ್ತೆ!"

ನಾಯಿ ಬಾಲ ಅಲ್ಲಾಡಿಸಿತು. ಅವಳಿಗೆ ಅದನ್ನು ಒದೆಯುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಮೇಲೆಲ್ಲೋ ಒಂದು ಕಲ್ಲು ಜಾರಿತು. ಜಾರಿದ ಸದ್ದು ಕೇಳಿತು, ಬಿದ್ದ ಸದ್ದು ಎಷ್ಟು ಹೊತ್ತಾದರೂ ಕೇಳಲಿಲ್ಲ.

ಕಲಿಪಾ ತಲೆವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದಳು. ಮರುಕ್ಷಣ ಅದನ್ನು ಕಿತ್ತೆಸೆದು ಕೂಗಿದಳು. "ಎಸೆನ್‌ಗುಲ್! ಹೋಗು! ಎಸೆನ್‌ಗುಲ್!"

ನಾಯಿ ಬಾಣದಂತೆ ಮೋಡಕ್ಕೆ ನುಗ್ಗಿತು.

ಬೊಗಳಿದ ಕಡೆಗೆ ಅವಳು ಕೈಕಾಲೂರಿ ತೆವಳುತ್ತ ಹತ್ತಿದಳು. ಒಮ್ಮೆಲೇ ತಲೆ ಬಿಸಿಲಿಗೆ ಬಂತು. ಮೋಡವೆಲ್ಲ ಕೆಳಗುಳಿದಿತ್ತು. ಸುತ್ತ ಹಿಮದ ಶಿಖರಗಳು, ಒಂದರ ಬೆನ್ನಿಗೊಂದು, ಲೋಕ ಹುಟ್ಟಿದ ದಿನದಿಂದ ಯಾರೂ ಮುಟ್ಟದ ಹಾಗೆ ನಿಂತಿದ್ದವು. ಮುದುಕ ಅಂಚಿನ ಬಂಡೆಯ ಮೇಲೆ ಕೂತಿದ್ದ. ಬೈಯಲೆಂದು ತೆರೆದ ಅವಳ ಬಾಯಿ ಹಾಗೇ ಉಳಿಯಿತು.

ಪ್ರಪಾತ ತುಂಬಿದ್ದ ಬಿಳಿ ಮೋಡದ ಮೇಲೆ ಬೆಟ್ಟದಷ್ಟೆತ್ತರದ ಮನುಷ್ಯರಿಬ್ಬರು ಮೂಡಿದ್ದರು. ಅವಳು ಕೈಯೆತ್ತಿದರೆ ಅವರಲ್ಲೊಬ್ಬಳು ಕೈಯೆತ್ತಿದಳು; ಬೆನ್ನ ಹಿಂದಿನ ಬಿಸಿಲು ಮೋಡದ ಮೇಲೆ ಬೀಳಿಸಿದ ಅವರದೇ ನೆರಳು. ಅವಳ ನೆರಳಿನ ತಲೆಯ ಸುತ್ತ ಕಾಮನಬಿಲ್ಲಿನ ಬಳೆ.

"ನೋಡಿದ್ಯಾ?" ಎಂದ ಮುದುಕ. "ನನ್ನ ತಲೆ ಸುತ್ತ!"

ಅವಳು ಅವನ ಕಿವಿಗೆ ಬಾಗಿದಳು. "ನಿಮ್ಮದಕ್ಕೆಲ್ಲಿದೆ? ಇರೋದು ನನ್ನ ತಲೆ ಸುತ್ತ!"

"ಸುಳ್ಳುಗಾತಿ."

ಇಬ್ಬರೂ ಮತ್ತೆ ನೋಡಿದರು; ಅವರವರಿಗೆ ಅವರವರ ನೆರಳಿನ ತಲೆಗೇ ಬಳೆ ಕಂಡಿತು. ಯಾರೂ ಮಾತು ಬದಲಿಸಲಿಲ್ಲ. ಕಲಿಪಾ ಅವನ ಪಕ್ಕ ಕುಸಿದು ಕೂತಳು.

ಮುದುಕ ನಾಯಿಯ ಕತ್ತು ತುರಿಸುತ್ತ ಕೇಳಿದ. "ಇದು ನನ್ನ ಹತ್ರ ಹೇಗೆ ಬಂತು?"

ಅವಳು ಹಿಮದ ಕಡೆ ನೋಡಿದಳು.

"ಹೆಸರು ಹೇಳದೆ ಇದು ಯಾರನ್ನೂ ಹುಡುಕಿ ಹೋಗಲ್ಲ. ನಮ್ಮಣ್ಣ ಕಲಿಸಿದ ನಾಯಿ."

"ತಪ್ಪಾಯ್ತು ಅಪ್ಪಾ. ಊರಲ್ಲಿ ಹೇಳ್ಬೇಡಿ."

ಅದು ಅವನಿಗೆ ಕೇಳಿಸಿತೋ ಇಲ್ಲವೋ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ನರೆತ ಕೂದಲು ಗಾಳಿಗೆ ಎದ್ದು ನಿಂತಿತು.

"ನೀ ಹೆಸರು ಕೂಗಿದ್ದು ನನಗೆ ಕೇಳಿಸ್ಲೇ ಇಲ್ಲ," ಎಂದ, ಮಗುವಿನಂತೆ. "ಅಣ್ಣ ಹೋದ ಮೇಲೆ ಯಾರೂ ಕರೆದಿಲ್ಲ ಕಣವ್ವ. ಇಲ್ಲಿ ಯಾರಿದ್ದಾರೆ? ಇನ್ನೊಂದ್ಸಲ ಅನ್ನು."

ಕಲಿಪಾ ಹಿಂದೆ ತಿರುಗಿ ನೋಡಿದಳು. ಕೆಳಗಿನ ಡೇರೆಗಳು ಮೋಡದಡಿ ಮುಳುಗಿಹೋಗಿದ್ದವು. ಮೋಡದ ಮೇಲಿನ ದೊಡ್ಡ ಹೆಂಗಸು ಎರಡು ಕೈಯನ್ನೂ ಬೊಗಸೆ ಮಾಡಿ ದೊಡ್ಡ ಮುದುಕನ ಕಿವಿಯತ್ತ ಬಾಗಿದಳು.

ಕಣ್ಣು ಮುಚ್ಚಿ ಮಲಗಿದ್ದ ನಾಯಿ ತಟ್ಟನೆ ಎದ್ದು, ಒಂದೇ ಹೆಜ್ಜೆ ಇಟ್ಟು, ಮುದುಕನ ಮೊಣಕಾಲಿಗೆ ಮೂತಿ ತಾಗಿಸಿ ನಿಂತಿತು.