ತವರಿನ ಕಪ್ಪು ಕೋರಿ

ನೆನೆಹಾಕಿದ ಹುಣಸೆಹಣ್ಣಿಗೆ ಬೂದಿ ಕಲಸಿಕೊಂಡು ಜಸುಮತಿ ಏಳನೆಯ ನಾಣ್ಯವನ್ನು ಉಜ್ಜಿ, ತೊಳೆದು, ತಟ್ಟೆಗಿಟ್ಟಳು. ಮಾಂಡವಿಯ ಆ ಓಣಿಯಲ್ಲಿ ದೀಪಾವಳಿಗೆ ಮುಂಚಿನ ಧನತೇರಸದ ಬೆಳಿಗ್ಗೆ ಎಲ್ಲ ಮನೆಯಲ್ಲೂ ಇದೇ ಕೆಲಸ: ಲಕ್ಷ್ಮಿಯನ್ನು ತೊಳೆಯುವುದು. ಕಛ್ ಅರಸರ ಕಾಲದ ಬೆಳ್ಳಿ ನಾಣ್ಯಗಳಾದ ಕೋರಿಗಳನ್ನು ಫಳಫಳ ಉಜ್ಜಿ, ಸಂಜೆ ಹಾಲು ಮುಟ್ಟಿಸಿ ಪೂಜೆಗೆ ಇಡಬೇಕು.

ಎಂಟನೆಯದು ಅವಳದು. ಮದುವೆಯ ದಿನ ತಾಯಿ ಸೆರಗಿನ ತುದಿಗೆ ಕಟ್ಟಿಕೊಟ್ಟ ಐದು ಕೋರಿಯ ನಾಣ್ಯ. ಕಪ್ಪಗೆ ಮಂಕಾಗಿತ್ತು. ಇಪ್ಪತ್ತೆರಡು ವರ್ಷದಿಂದ ಅದು ಪೆಟ್ಟಿಗೆಯ ತಳ ಬಿಟ್ಟು ಮೇಲೆ ಬಂದಿರಲಿಲ್ಲ.

"ಇವತ್ತು ತೆಗೆದ್ಯಾ ನಿನ್ನ ತವರಿನ ಖೋಟಾನ?" ತೂಗುಮಂಚದ ಮೇಲಿಂದ ಅತ್ತೆ ಹೀರಾಬಾ ಕೇಳಿದರು. "ಬೆಳ್ಳಿಯಾಗಿದ್ರೆ ನಮ್ಮವುಗಳ ಹಾಗೆ ಹೊಳೀಬೇಕಿತ್ತಲ್ಲ!"

ಖೋಟಾ ಎಂಬುದು ಮದುವೆಯಾದಾಗಿನಿಂದ ಪ್ರತಿವರ್ಷ ಕೇಳಿದ ಮಾತೇ. ಈ ಸಲ ಹೊಳೆಸಿಯೇ ತೋರಿಸುವೆನೆಂದು ಜಸುಮತಿ ತೆಂಗಿನ ನಾರಿಗೆ ಇನ್ನಷ್ಟು ಬೂದಿ ಒತ್ತಿಕೊಂಡಳು.

"ಜಸು, ಕೈ ತೆಗಿ! ಉಜ್ಜಬೇಡ!"

ಪಾತ್ರೆ ಹಿಂದಿರುಗಿಸಲು ಬಂದ ಪಕ್ಕದ ಮನೆಯ ಕುಲ್ಸುಮ್‌ಬೆನ್ ಬಾಗಿಲಲ್ಲೇ ಕೂಗಿದಳು. ಅವಳ ತಂದೆ ಹಳೆ ನಾಣ್ಯಗಳ ವ್ಯಾಪಾರಿ. ಅವರ ಪಕ್ಕದಲ್ಲಿ ಕೂತೇ ಅವಳು ಬೆಳೆದವಳು.

"ಯಾಕೆ? ಕೊಳೆ ತೆಗೀಬಾರ್ದಾ?"

"ಅದು ಕೊಳೆ ಅಲ್ಲ. ವರ್ಷಗಟ್ಟಲೆ ಗಾಳಿ ಸೋಕಿ ಬೆಳ್ಳಿ ಮೇಲೆ ಕೂತ ಪದರ. ಉಜ್ಜಿದ್ರೆ ಅದರ ಜೊತೆ ಅಕ್ಷರಾನೂ ಹೋಗುತ್ತೆ. ನಾಣ್ಯ ಸಂಗ್ರಹ ಮಾಡೋರು ಉಜ್ಜಿದ್ದನ್ನ ಕಂಡ್ರೆ ಅರ್ಧ ಬೆಲೇನೂ ಕೊಡಲ್ಲ."

"ಕಪ್ಪು ಮುಖದ ಲಕ್ಷ್ಮೀನ ಪೂಜೆಗೆ ಕೂರಿಸೋಕಾಗುತ್ತೇನೇ?" ಹೀರಾಬಾ ಬಿಡಲಿಲ್ಲ.

"ನಿಮ್ಮ ಮುಖಕ್ಕೆ ವರ್ಷಾ ವರ್ಷಾ ಬೂದಿ ಹಾಕಿ ನಾರಲ್ಲಿ ಉಜ್ಜಿದ್ರೆ ಮೂಗು ಉಳೀತಿತ್ತಾ ಹೀರಾಬಾ?"

ಹೀರಾಬಾ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಆದರೂ, "ಖೋಟಾ ಖೋಟಾನೇ," ಎಂದರು.

ಕುಲ್ಸುಮ್‌ಬೆನ್ ಮನೆಗೆ ಓಡಿಹೋಗಿ ತಂದೆಯ ಪುಟ್ಟ ತಕ್ಕಡಿ, ಅಯಸ್ಕಾಂತ, ಭೂತಗನ್ನಡಿ ತಂದಳು. ಜಸುಮತಿ ಕೈಯ ಬೂದಿ ತೊಳೆದುಕೊಂಡು ಹತ್ತಿರ ಬಂದು ಕೂತಳು. ಅಮ್ಮ ತಿಳಿದೂ ಖೋಟಾ ಕಟ್ಟಿಕೊಟ್ಟಿದ್ದರೆ? ತಿಳಿಯದೆ ಯಾರಿಂದಲೋ ಮೋಸಹೋಗಿದ್ದರೆ?

"ನೋಡು, ಅಂಚಲ್ಲಿ ಹಿಡೀಬೇಕು. ಮುಖಕ್ಕೆ ಬೆರಳು ತಾಗಿಸಬಾರ್ದು." ಕುಲ್ಸುಮ್‌ಬೆನ್ ಹಿಡಿದ ಅಯಸ್ಕಾಂತಕ್ಕೆ ನಾಣ್ಯ ಅಂಟಲಿಲ್ಲ. "ಇಷ್ಟಕ್ಕೇ ಅಸಲಿ ಅನ್ನೋ ಹಾಗಿಲ್ಲ. ತಾಮ್ರವೂ ಅಂಟಲ್ಲ." ತಕ್ಕಡಿಯಲ್ಲಿಟ್ಟಳು, ಹದಿನಾಲ್ಕು ಗ್ರಾಂಗೆ ಚೂರು ಕಡಿಮೆ. "ತೂಕ ಸರಿಯಾಗಿದೆ. ಈಗ ಅಂಚು. ಟಂಕಸಾಲೆಯಲ್ಲಿ ಒತ್ತಿದ್ದಕ್ಕೆ ಗೀರುಗಳು ಒಂದೇ ಸಮ ಇರುತ್ತೆ. ಅಚ್ಚಲ್ಲಿ ಎರಕ ಹೊಯ್ದ ನಕಲಿಯಾದ್ರೆ ನಡುವೆ ಸುತ್ತಲೂ ಒಂದು ಸಣ್ಣ ಬೆಸುಗೆಯ ಗೆರೆ ಕಾಣುತ್ತೆ. ಇದರಲ್ಲಿ ಇಲ್ಲ. ಅಕ್ಷರ ನೋಡಿ ಹೀರಾಬಾ, ನಿನ್ನೆ ಒತ್ತಿದ ಹಾಗಿದೆ. ಇದು ಅಸಲಿ!"

ಹೀರಾಬಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಟ್ಟೆಯಲ್ಲಿದ್ದ ತಮ್ಮದೊಂದನ್ನು ನೋಡಿದರು. ಅರಸರ ಹೆಸರಿದ್ದ ಜಾಗ ಬೋಳಾಗಿತ್ತು. "ನಾನೇ ಅಳಿಸಿಬಿಟ್ಟೆನಲ್ಲ," ಎಂದರು ಮೆಲ್ಲಗೆ.

"ಬೆಲೆ ಎಷ್ಟಾಗಬಹುದು?" ಎಂದಳು ಜಸುಮತಿ.

"ಇಸವಿ ಯಾವುದು, ಅಂಥವು ಎಷ್ಟು ಉಳಿದಿವೆ, ಎಷ್ಟು ಸವೆದಿದೆ, ಇದೆಲ್ಲ ನೋಡಬೇಕು. ಇಬ್ಬರು ಮೂವರು ವ್ಯಾಪಾರಿಗಳನ್ನ ಕೇಳದೆ ಕೊಡಬೇಡ. ಫೋನಲ್ಲಿ ಲಕ್ಷ ಕೊಡ್ತೀನಿ, ಮೊದಲು ನೀನು ಶುಲ್ಕ ಕಟ್ಟು ಅಂದ್ರೆ, ಕಳ್ಳ ಅಂದ್ಕೋ."

"ಹಾಗಾದ್ರೆ ಸಂಜೆ ಹಾಲು?" ಹೀರಾಬಾಗೆ ಅದೇ ಚಿಂತೆ.

"ಸವೆದುಹೋದದ್ದು ಒಂದನ್ನ ಮೀಯಿಸಿ. ಉಳಿದವು ಬಟ್ಟೆ ಮೇಲೆ ಕೂತು ನೋಡಲಿ."

"ಸರಿ ಬಿಡು. ಜಸು, ನಿನ್ನದನ್ನೂ ತಂದಿಡು," ಎಂದರು ಹೀರಾಬಾ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಸಂಜೆ ಜಸುಮತಿ ಒಬ್ಬಳೇ ಬಟ್ಟೆ ಹಾಸಿ ನಾಣ್ಯಗಳನ್ನು ಜೋಡಿಸುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಹೊಳೆಯುವುದು ಅತ್ತೆಯ ಅಚ್ಚುಮೆಚ್ಚಿನ ನಾಣ್ಯ. ಮಾವ ತಂದುಕೊಟ್ಟದ್ದು, ಪ್ರತಿವರ್ಷ ನಡುವೆ ಕೂರುವುದು. ಹೊಸದಾಗಿ ಕಲಿತಂತೆ ಅಂಚಲ್ಲಿ ಹಿಡಿದು ದೀಪದ ಬಳಿ ತಿರುಗಿಸಿದಳು. ಗೀರುಗಳ ನಡುವೆ, ಸುತ್ತಲೂ, ಕೂದಲೆಳೆಯಂಥ ಒಂದು ಬೆಸುಗೆಯ ಗೆರೆ.

ಹೊರಗೆ ಹೀರಾಬಾ ಯಾರಿಗೋ ಹೇಳುತ್ತಿದ್ದರು: "ನಮ್ಮ ಸೊಸೆಯ ತವರಿನದು ಅಸಲಿ ಕಣೇ."

ಜಸುಮತಿ ಆ ನಾಣ್ಯವನ್ನು ನಡುವೆಯೇ ಇಟ್ಟಳು. ಅದು ಪೂಜೆಗೆ ಕೂರಲಿ. ಮಾರಾಟಕ್ಕೆ ಮಾತ್ರ ಎಂದೂ ಹೋಗದಂತೆ ತಾನು ನೋಡಿಕೊಳ್ಳಬೇಕು. ತಾಯಿಯ ಕಪ್ಪು ಕೋರಿಯನ್ನು ಅದರ ಪಕ್ಕದಲ್ಲಿಟ್ಟು ದೀಪ ಹಚ್ಚಿದಳು.

ಅಕ್ಕಂದಿರೇ, ನಿಮ್ಮ ಪೆಟ್ಟಿಗೆಯ ತಳದಲ್ಲೂ ಇಂಥದ್ದೊಂದು ಇರಬಹುದು. ಉಜ್ಜಬೇಡಿ. ತೂಗಿಸಿ, ಅಂಚು ನೋಡಿ, ತಿಳಿದವರನ್ನು ಕೇಳಿ, ಒಣ ಕಾಗದದಲ್ಲಿ ಸುತ್ತಿಡಿ. ಹುಣಸೆಹಣ್ಣು ಸಾರಿಗಿರಲಿ.